ರಿಪೇರಿ ನನ್ನದು, ಹೆಸರು ಅವರದು

ನಮ್ಮ ಮನೆಯ ಗೇಟಿನ ಬಳಿ ನಿಂತು ಯಾರಾದರೂ ‘ಸಾಹೇಬ್ ಆಹೇತ್ ಕಾ?’ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳುವವರು ಸಭ್ಯರು, ಪ್ರಶ್ನೆಯೂ ಸಭ್ಯವೇ. ಸಾಹೇಬರು ಇದ್ದಾರೆಯೇ ಎಂದು ತಿಳಿಯಬಯಸುವುದರಲ್ಲಿ ತಪ್ಪೇನಿದೆ? ತಪ್ಪೇನೆಂದರೆ, ಆ ಹೊತ್ತಿಗೆ ಸಾಹೇಬರು ಒಳಗೆ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿರುತ್ತಾರೆ. ನಾನು ಗಾಡಿಯ ಕೆಳಗೆ ಮಲಗಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು, ಮೂಗಿನ ತುದಿಗೆ ಗ್ರೀಸ್ ಬಳಿದುಕೊಂಡು, ಕೇಳಿದವರ ಚಪ್ಪಲಿಗಳನ್ನು ನೋಡುತ್ತಿರುತ್ತೇನೆ. ಗಾಡಿ ಸರಿಯಾಗಿದೆಯೇ ಎಂದು ಕೇಳಲು ಬಂದವರು, ಸರಿಮಾಡುತ್ತಿರುವವಳನ್ನು ದಾಟಿಕೊಂಡು ಒಳಗೆ ಹೋಗುತ್ತಾರೆ.

ನನ್ನ ಹೆಸರು ಶಾಂತಾ. ಹೆಸರಿಟ್ಟವರಿಗೆ ದೂರದೃಷ್ಟಿ ಇರಲಿಲ್ಲ. ನಾಗಪುರದ ಒಂದು ಸರಕಾರಿ ಕಾರ್ಖಾನೆಯ ಕಂಪ್ರೆಸರ್ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದವಳು. ಗಾಳಿಯನ್ನು ಒತ್ತಿ ಪೈಪಿಗೆ ತುಂಬುವುದು, ಅದು ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ಹುಡುಕುವುದು, ಇದೇ ನನ್ನ ಅನ್ನವಾಗಿತ್ತು. ಸಾಹೇಬರು, ಅಂದರೆ ನಮ್ಮವರು, ರೈಲ್ವೆಯ ಲೆಕ್ಕಪತ್ರ ವಿಭಾಗದವರು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ಪ್ರತಾಪ ನಗರದಲ್ಲಿ ಮನೆ ಮಾಡಿಕೊಂಡವರು. ಬಲ್ಬ್ ಬದಲಿಸಬೇಕಾದರೂ ಮೊದಲು ಮೇನ್ ಸ್ವಿಚ್ ಆರಿಸಿ, ದೇವರಿಗೆ ಕೈಮುಗಿದು, ಆಮೇಲೆ ನನ್ನನ್ನು ಕರೆಯುತ್ತಾರೆ.

ಇಂಥವರು ನಿವೃತ್ತಿಯ ಹುರುಪಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಡೀಸೆಲ್ ಗಾಡಿ ತಂದರು. ಇಡೀ ಸಂಸಾರ ಕೂರುವಂಥದ್ದು, ಟರ್ಬೊ ಇರುವಂಥದ್ದು, ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ಕಾಡಿಗೆ ಹೋಗಿ ಹುಲಿ ನೋಡೋಣ ಎಂದರು. ಇದುವರೆಗೆ ನೋಡಿದ್ದು ಕಿರಾಣಿ ಅಂಗಡಿ, ಹಲ್ಲಿನ ಡಾಕ್ಟರು ಮತ್ತು ಬುಟಿಬೋರಿಯಲ್ಲಿ ನೌಕರಿ ಮಾಡುವ ನನ್ನ ತಮ್ಮನ ಮನೆ. ನಾಲ್ಕು ಚಕ್ರದ ಗೇರನ್ನು ಒಮ್ಮೆ ಮಾತ್ರ ಹಾಕಿದ್ದು, ಯಾರದೋ ಲಗ್ನದ ಪೆಂಡಾಲಿನ ಹಿಂದೆ, ಅಡುಗೆಯವರು ನೀರು ಚೆಲ್ಲಿ ಮಾಡಿದ ಕೆಸರಿನಲ್ಲಿ.

ಗಾಡಿಯ ಎತ್ತರ ಅತ್ತೆಯ ಮೊಣಕಾಲಿಗೆ ಒಗ್ಗಲಿಲ್ಲ. ಅದು ಮನೆಗೆ ಬಂದ ದಿನ ಆರತಿ ಎತ್ತಿದರು, ಕುಂಕುಮ ಹಚ್ಚಿದರು, ಹತ್ತಲು ಮಾತ್ರ ಆಗಲಿಲ್ಲ. ಕಳಮೇಶ್ವರದಲ್ಲಿ ಅವರ ತಂಗಿ ಇದ್ದಾರೆ. ಹತ್ತಿರದ ಊರು. ಆದರೂ ಅಕ್ಕತಂಗಿಯರು ಫೋನಿನಲ್ಲಷ್ಟೇ ಸಿಗುತ್ತಿದ್ದರು. ಬಾಡಿಗೆ ಕಾರು ತರಿಸೋಣ ಎಂದರೆ ಅತ್ತೆ ಒಪ್ಪರು.

“ಮನಿ ಮುಂದ ಆನಿಯಂಥಾ ಗಾಡಿ ನಿಂತೈತಿ. ನಾ ಯಾಕ ಮಂದಿ ಗಾಡ್ಯಾಗ ಹೋಗ್ಲಿ?” ಎನ್ನುತ್ತಿದ್ದರು.

ಹೀಗಿರುವಾಗ ಆ ಆನೆಗೆ ಕಾಯಿಲೆ ಬಂತು. ಮೇಲ್ಸೇತುವೆ ಹತ್ತುವಾಗ ಎಳೆಯಲೊಲ್ಲದು. ಆಕ್ಸಿಲರೇಟರ್ ಒತ್ತಿದರೆ ಕರಿ ಹೊಗೆ, ಜೊತೆಗೆ ಎಲ್ಲಿಂದಲೋ ಬುಸ್ಸೆನ್ನುವ ಸದ್ದು. ಸರ್ವಿಸ್ ಸೆಂಟರಿಗೆ ಒಯ್ದೆವು. ಅಲ್ಲಿ ಟೈ ಕಟ್ಟಿದ ಒಬ್ಬ ಮಹಾಶಯ ಬಾನೆಟ್ ಎತ್ತಿ, ಇಳಿಸಿ, ನಮ್ಮವರ ಕಡೆ ತಿರುಗಿ, “ಸರ್, ಟರ್ಬೊ ಗಯಾ. ಪೂರಾ ನಯಾ ಡಾಲ್ನಾ ಪಡೇಗಾ,” ಎಂದ. ಟರ್ಬೊ ಪೂರ್ತಿ ಹೊಸದೇ ಆಗಬೇಕಂತೆ. ಪೈಪುಗಳನ್ನು ನೋಡಿದಿರಾ ಎಂದು ನಾನು ಕೇಳಿದೆ. ಉತ್ತರ ನಮ್ಮವರಿಗೆ ಹೋಯಿತು: “ಸರ್, ಮೇಡಮ್ ಕೋ ಆಪ್ ಸಮಝಾಯಿಯೆ.” ಮೇಡಮ್‌ಗೆ ನೀವೇ ತಿಳಿಸಿ ಹೇಳಬೇಕಂತೆ.

ನಮ್ಮವರು ಸತ್ಯವಂತರು. “ಗಾಡಿ ನನಗೆ ತಿಳಿಯುವುದಿಲ್ಲ, ಇವಳಿಗೆ ತಿಳಿಯುತ್ತದೆ” ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು. ಟೈ ಮನುಷ್ಯ ಹೊಟ್ಟೆ ಹಿಡಿದು ನಕ್ಕ. ಸಾರ್ ಭಾರಿ ತಮಾಷೆಯವರು ಎಂದುಕೊಂಡ. ಅಲ್ಲಿಯೇ ನಾನು ಕೀಲಿ ಕಸಿದುಕೊಂಡೆ.

ಟರ್ಬೊ ಎಂದರೆ ಲ್ಯಾಟಿನ್‌ನಲ್ಲಿ ಬುಗುರಿ ಎಂದೂ ಅರ್ಥವಿದೆಯಂತೆ, ಸುಂಟರಗಾಳಿ ಎಂದೂ. ಎರಡೂ ನಿಜ. ಎಂಜಿನ್ ಹೊರಗೆ ಬಿಸಾಡುವ ಹೊಗೆಯೇ ಹೋಗುತ್ತ ಹೋಗುತ್ತ ಒಂದು ಚಕ್ರ ತಿರುಗಿಸುತ್ತದೆ. ಆ ಚಕ್ರ ಇನ್ನೊಂದನ್ನು ತಿರುಗಿಸಿ ಎಂಜಿನ್ನಿಗೆ ಗಾಳಿ ಒತ್ತಿ ಕೊಡುತ್ತದೆ. ಕೊಡುವ ದಾರಿಯಲ್ಲಿ ಗಾಳಿ ಸೋರಿದರೆ ಎಷ್ಟು ತಿರುಗಿದರೂ ವ್ಯರ್ಥ. ಮನೆಗೆ ಬಂದು, ಎಂಜಿನ್ ತಣ್ಣಗಾದ ಮೇಲೆ ಟರ್ಬೊದ ಬಾಯಿಯ ಪೈಪು ಕಳಚಿ, ಬೆರಳಿನಿಂದ ಚಕ್ರ ಆಡಿಸಿ ನೋಡಿದೆ. ಅಲುಗಾಟವಿಲ್ಲ, ಸಲೀಸಾಗಿ ತಿರುಗಿತು. ಆಮೇಲೆ ಗಾಳಿ ಹೋಗುವ ಒಂದೊಂದೇ ರಬ್ಬರ್ ಪೈಪನ್ನು ತಡವುತ್ತ ಹೋದೆ. ಕೆಳಗಿನ ಪೈಪಿನ ಹೊಟ್ಟೆಯಲ್ಲಿ, ಕಣ್ಣಿಗೆ ಕಾಣದ ಕಡೆ, ಉದ್ದಕ್ಕೆ ಸೀಳು! ಸುತ್ತ ಎಣ್ಣೆಯ ಮಸಿ. ಒಂದು ರಬ್ಬರ್ ಪೈಪು ಹರಿದಿದ್ದಕ್ಕೆ ಟರ್ಬೊವನ್ನೇ ಚಟ್ಟಕ್ಕೆ ಏರಿಸಲು ಹೊರಟಿದ್ದರಲ್ಲ! ಆ ಸಿಟ್ಟಿನಲ್ಲೇ ಪೇಟೆಗೆ ಹೋಗಿ ಪೈಪು, ಅದನ್ನು ಬಿಗಿಯುವ ಕ್ಲ್ಯಾಂಪು ತಂದು ಹಾಕಿದೆ. ಗಾಡಿ ಮೊದಲಿನಂತೆ ಎಳೆಯಿತು.

ಎದುರುಮನೆಯ ವಾನಖೇಡೆ, ನಿವೃತ್ತ ಶಾಲಾಮಾಸ್ತರರು, ನಾನು ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದನ್ನು ಬೆಳಗಿನಿಂದ ಕಣ್ಣಾರೆ ಕಂಡವರು. ಕೆಲಸ ಮುಗಿದದ್ದೇ ಬಂದು ನಮ್ಮವರ ಕೈಕುಲುಕಿದರು. “ವಾ ಸಾಹೇಬ್, ಹಾತಾತ್ ಜಾದೂ ಆಹೆ ತುಮಚ್ಯಾ!” ಕೈಯಲ್ಲಿ ಜಾದೂ ಇದೆಯಂತೆ.

“ಮೀ ನಾಹೀ, ಹಿನೆ ಕೇಲಂ,” ನಾನಲ್ಲ, ಇವಳು ಮಾಡಿದ್ದು ಎಂದರು ನಮ್ಮವರು.

ವಾನಖೇಡೆ ನನ್ನ ಕಡೆ ತಿರುಗಿ, ಕಣ್ಣು ತುಂಬಿಕೊಂಡು, “ಕಿತೀ ನಮ್ರ ಮಾಣೂಸ್!” ಎಂದರು. ಎಷ್ಟು ವಿನಯವಂತ ಮನುಷ್ಯ!

ನೋಡಿ, ಸತ್ಯ ಹೇಳಿದಷ್ಟೂ ಇವರ ಕೀರ್ತಿ ಬೆಳೆಯಿತು. ಓಣಿಯವರೆಲ್ಲ ತಮ್ಮ ಗಾಡಿಗಳ ರೋಗ ಹೇಳಿಕೊಂಡು ಇವರ ಹತ್ತಿರ ಬರತೊಡಗಿದರು. ಇವರು ಅಡುಗೆಮನೆಗೆ ಬಂದು, “ಬೆಲ್ಟ್ ಕಿರಗುಡತೈತಂತ, ಏನ ಹೇಳ್ಲಿ?” ಎಂದು ಕನ್ನಡದಲ್ಲಿ ಕೇಳುವರು. ನಾನು ಒಗ್ಗರಣೆ ಹಾಕುತ್ತ ಹೇಳುವೆ. ಇವರು ಹೊರಗೆ ಹೋಗಿ ಅದನ್ನೇ ಮರಾಠಿಯಲ್ಲಿ ಹೇಳಿ, “ಹೀಗೆಂದು ನನ್ನ ಹೆಂಡತಿ ಹೇಳಿದಳು” ಎಂದು ಸೇರಿಸುವರು. ಎಲ್ಲರೂ ನಗುವರು. ದುರಸ್ತಿ ಎಂಬ ಮಾತನ್ನು ಚಿಕ್ಕವಳಿದ್ದಾಗ ನಾನು ದುರಾಸೆ, ದುರ್ಬುದ್ಧಿಗಳ ಸಾಲಿಗೆ ಸೇರಿಸಿದ್ದೆ. ಅದು ಫಾರಸಿಯಿಂದ ಬಂದದ್ದು, ‘ಸರಿ’ ಎಂದು ಅರ್ಥ ಎಂದು ತಿಳಿದದ್ದು ದೊಡ್ಡವಳಾದ ಮೇಲೆ. ಈ ಓಣಿಗೆ ಬಂದ ಮೇಲೆ ನನ್ನ ಬಾಲ್ಯದ ಅರ್ಥವೇ ಸರಿಯೇನೋ ಎನ್ನಿಸಿದ್ದುಂಟು.

ಆ ಸಿಟ್ಟನ್ನೆಲ್ಲ ನಾನು ಒಂದು ಮೆಟ್ಟಿಲಿನ ಮೇಲೆ ತೀರಿಸಿಕೊಂಡೆ. ಅತ್ತೆ ಕೂರುವ ಬಾಗಿಲಿನ ಕೆಳಗೆ, ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ ಭದ್ರವಾಗಿ ಬೋಲ್ಟ್ ಮಾಡಿ, ಕೆಳಕ್ಕೆ ಇಳಿಸಿ ಮತ್ತೆ ಮಡಚುವಂಥ ಮೆಟ್ಟಿಲು. ಕಾಲು ಜಾರದಂತೆ ಗೀರುಗೀರಿನ ತಗಡು, ಒಳಗೆ ಹಿಡಿಯಲು ಗಟ್ಟಿ ಹಿಡಿಕೆ. ಮೊದಲು ನಾನು ನಿಂತು ಕುಣಿದೆ, ಆಮೇಲೆ ನಮ್ಮವರನ್ನು ನಿಲ್ಲಿಸಿ ಕುಣಿಸಿದೆ. ಕೊನೆಗೆ ಅತ್ತೆ ಒಂದು ಕಾಲಿಟ್ಟು, ತಡೆದು, ಇನ್ನೊಂದು ಕಾಲಿಟ್ಟು, ಸೀಟಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು.

“ಎಷ್ಟ ದೂರ ಕಾಣತೈತಿ ಇಲ್ಲಿಂದ,” ಎಂದರು. ಇಳಿಯಲು ಮನಸ್ಸೇ ಮಾಡಲಿಲ್ಲ. “ನಡೀರಿ, ಕಳಮೇಶ್ವರಕ್ಕ ಹೋಗೂಣು.”

ಹೊರಟೆವು. ಊರು ದಾಟಿದ ಮೇಲೆ ಒಂದು ಲಾರಿಯನ್ನು ಹಿಂದೆ ಹಾಕಲು ನಮ್ಮವರು ಜೋರಾಗಿ ಒತ್ತಿದರು. ಢಬ್ ಎಂದು ಸದ್ದು. ಹಿಂದೆ ಕರಿ ಹೊಗೆ. ಗಾಡಿ ತೆವಳಿಕೊಂಡು ರಸ್ತೆಯ ಪಕ್ಕಕ್ಕೆ ಬಂದು ನಿಂತಿತು. ಬಾನೆಟ್ ಎತ್ತಿದರೆ, ನಾನು ಹಾಕಿದ ಪೈಪು ಕಿತ್ತುಕೊಂಡು ಜೋತಾಡುತ್ತಿತ್ತು.

ವಿದರ್ಭದ ಬಿಸಿಲಲ್ಲೂ ನಮ್ಮ ಜನ ಕೆಟ್ಟ ಗಾಡಿ ಕಂಡರೆ ನಿಲ್ಲದೆ ಹೋಗುವವರಲ್ಲ. ಸುತ್ತ ಗುಂಪು ಸೇರಿತು. ನಾನು ಒಳಗೆ ಕೈಹಾಕಿ ಕೆಲಸ ಮಾಡುತ್ತಿದ್ದೆ, ಸಲಹೆಗಳೆಲ್ಲ ನನ್ನ ಮೇಲೆ ಕೊಡೆ ಹಿಡಿದು ನಿಂತ ನಮ್ಮವರಿಗೆ ಸಲ್ಲುತ್ತಿದ್ದವು. ನಮ್ಮಂಥದ್ದೇ ಗಾಡಿಯಿಂದ ಇಳಿದ ಒಬ್ಬ ದೊಡ್ಡ ಮೀಸೆಯ ಯಜಮಾನರು ಬಗ್ಗಿ ನೋಡಿ, ಗಂಭೀರವಾಗಿ ತಲೆಯಾಡಿಸಿದರು.

“ಕ್ಲ್ಯಾಂಪ್ ಗಲತ್ ಬೈಠಾ ಥಾ. ಕಿಸನೆ ಲಗಾಯಾ?”

ಕ್ಲ್ಯಾಂಪು ತಪ್ಪಾಗಿ ಕೂತಿತ್ತು, ಹಾಕಿದ್ದು ಯಾರು ಎಂದು. ಅವರ ಮಾತು ನಿಜ. ಲೋಹದ ಪೈಪಿನ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಕ್ಲ್ಯಾಂಪು ಅದರ ಹಿಂದೆ ಕೂರಬೇಕು. ನಾನು ಸಿಟ್ಟಿನ ಭರದಲ್ಲಿ ಉಬ್ಬಿನ ಮೇಲೇ ಕೂರಿಸಿ ಬಿಗಿದಿದ್ದೆ. ಗುಂಪಿನ ಕಣ್ಣುಗಳೆಲ್ಲ ನಮ್ಮವರ ಮೇಲೆ ನೆಟ್ಟವು. ಆಗ ಆ ಸತ್ಯವಂತ ಮನುಷ್ಯ, ಬಾಳಿನಲ್ಲಿ ಮೊದಲ ಬಾರಿ ಎಂಬಂತೆ, ತಲೆ ತಗ್ಗಿಸಿ ಸುಳ್ಳು ಹೇಳಿದರು.

“ಮೈನೆ.” ನಾನೇ ಎಂದು.

ನನಗೆ ಬಂದ ಸಿಟ್ಟಿಗೆ ಆ ಬಿಸಿಲು ತಂಪೆನ್ನಿಸಿತು. “ಅಜೀ ನಹೀ! ಮೈನೆ ಲಗಾಯಾ! ಇನ್ಹೋಂನೆ ಛುವಾ ಭೀ ನಹೀ!” ಹಾಕಿದ್ದು ನಾನು, ಇವರು ಮುಟ್ಟಿಯೂ ಇಲ್ಲ ಎಂದು ಬಾನೆಟ್ಟಿನೊಳಗಿಂದ ಕಿರುಚಿದೆ.

“ಇರ್ಲಿ ಬಿಡ,” ಎಂದು ನಮ್ಮವರು ಮೆತ್ತಗೆ ಕನ್ನಡಕ್ಕೆ ಇಳಿದರು. “ಮಂದಿ ಮುಂದ ನಿನಗ್ಯಾಕ ಮಾತು.”

“ಯಾಕಿರ್ಲಿ? ಚಲೋ ಮಾಡಿದ್ದೆಲ್ಲಾ ನಿಮ್ಮ ಹೆಸರಿಗೆ ಹೋತು. ಕೆಡಿಸಿದ್ದಾದ್ರೂ ನನಗಿರ್ಲಿ!”

ಅವರು ತಮ್ಮದೇ ತಪ್ಪು ಎನ್ನುವುದು, ನಾನು ‘ಅಲ್ಲ, ನನ್ನದು’ ಎನ್ನುವುದು. ಮೀಸೆಯ ಯಜಮಾನರು ಯಾರನ್ನು ನಂಬಬೇಕೋ ತಿಳಿಯದೆ ಹಿಂದೆ ಸರಿದರು. ಪೈಪಿನೊಳಗಿನ ಎಣ್ಣೆ ಒರೆಸಿ, ಕ್ಲ್ಯಾಂಪನ್ನು ಉಬ್ಬಿನ ಹಿಂದೆ ಕೂರಿಸಿ, ಈ ಸಲ ನಿಧಾನವಾಗಿ ಬಿಗಿದೆ. ಗಾಡಿ ಹೊರಟಿತು. ಮುಂದೆ ಕೂತು ನಾನು ಕೈಯ ಮಸಿ ಒರೆಸಿಕೊಳ್ಳುತ್ತಿದ್ದೆ. ಹಿಂದಿನಿಂದ ಅತ್ತೆಯ ದನಿ ಬಂತು.

“ನಿಂದ ತಪ್ಪು, ನಿಂದ ತಪ್ಪು ಅಂತ ಜಗಳಾಡೂ ಗಂಡಹೆಂಡ್ತೀನ ಬೇಕಾದಷ್ಟ ನೋಡೇನಿ. ನಂದ ತಪ್ಪು ಅಂತ ರಸ್ತೆದಾಗ ಹೊಡೆದಾಡಾವ್ರನ್ನ ಇವತ್ತ ನೋಡಿದೆ.”

ನಮ್ಮವರಿಗೆ ನಗು ತಡೆಯಲಾಗಲಿಲ್ಲ. ನಾನು ತಡೆದೆ, ಸ್ವಲ್ಪ ದೂರ.

ಕಳಮೇಶ್ವರದಲ್ಲಿ ಅತ್ತೆ ಮೆಟ್ಟಿಲ ಮೇಲೆ ಕಾಲಿಟ್ಟು ಯಾರ ಕೈಯನ್ನೂ ಹಿಡಿಯದೆ ಇಳಿದರು. ತಂಗಿ ಓಡಿ ಬಂದು ತಬ್ಬಿಕೊಂಡರು. ಅತ್ತು, ನಕ್ಕು, ಕಣ್ಣೊರೆಸಿಕೊಂಡ ಮೇಲೆ ಆ ತಂಗಿ ಬಗ್ಗಿ ಮೆಟ್ಟಿಲನ್ನು ಮುಟ್ಟಿ ನೋಡಿದರು.

“ಯಾರ ಮಾಡ್ಯಾರ ಅಕ್ಕಾ ಇದನ್ನ?”

“ನಮ್ಮ ಶಾಂತಾ,” ಎಂದರು ಅತ್ತೆ.

ಆ ತಾಯಿ ನಗಲಿಲ್ಲ, ನಮ್ಮವರ ಕಡೆ ನೋಡಲೂ ಇಲ್ಲ. ಕೂಡಲೇ ನಂಬಿದರು. ನಂಬಿ, ನನ್ನ ಕೈ ಹಿಡಿದು ಸೀದಾ ಬಚ್ಚಲಮನೆಗೆ ಕರೆದೊಯ್ದರು. “ಇಲ್ನೋಡವಾ, ಇಲ್ಲಿ ಕಾಲ ಜಾರತೈತಿ. ಹಂಗ ಒಂದ ಹಿಡಿಕಿ ಹಾಕಿಕೊಡ್ತೀಯೇನ?”

ಊಟವಾದ ಮೇಲೆ ಮನೆಮಂದಿಯೆಲ್ಲ ಫ್ಯಾನಿನ ಕೆಳಗೆ ಉರುಳಿದ್ದರು. ನಾನೊಬ್ಬಳು ಬಚ್ಚಲ ಗೋಡೆಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದೆ. ಹೆಸರು ಬಂದರೆ ಸಾಕು ಎಂದು ಇಷ್ಟು ದಿನ ಕುದಿದಿದ್ದೆ. ಬಂದದ್ದೇ ಬೆನ್ನಿಗೆ ಕೆಲಸವನ್ನೂ ಕಟ್ಟಿಕೊಂಡು ಬಂದಿತ್ತು. ಒಳಗಿನಿಂದ ನಮ್ಮವರ ಗೊರಕೆ ಕೇಳುತ್ತಿತ್ತು. ವಿನಯವಂತ ಮನುಷ್ಯ, ಸುಖವಾಗಿ ಮಲಗಿದ್ದರು.