ಇನ್ಸುಲಿನ್ ಚುಚ್ಚಿಕೊಂಡ ಮೇಲಿನ ಕಾಲು ಗಂಟೆ

ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕೆಂದು ಡಾಕ್ಟರು ಅಪ್ಪನಿಗೆ ಬರೆದುಕೊಟ್ಟ ದಿನ, ಅದರ ಪಾಠ ಮಾಡಿದವಳು ನಾನೇ. ಕಲ್ಯಾಣದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಸುಮ್ಮನಿರಲಾದೀತೇ? ಸಕ್ಕರೆ ಸ್ನಾಯುವಿನ ಜೀವಕೋಶದೊಳಗೆ ತಾನಾಗಿ ನುಗ್ಗುವುದಿಲ್ಲ ಎಂದೆ. ಅದನ್ನು ಒಳಗೆ ಬಿಡುವ ಬಾಗಿಲುಗಳು ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಕೋಶದೊಳಗೇ ಬಿದ್ದಿರುತ್ತವೆ. ಇನ್ಸುಲಿನ್ ಬಂದು ಹೊರಗೋಡೆಗೆ ತಾಗಿದರೆ ಸುದ್ದಿ ಕೈಯಿಂದ ಕೈಗೆ ದಾಟಿ ಒಳಗೆ ಹೋಗುತ್ತದೆ, ಗುಳ್ಳೆಗಳು ಗೋಡೆಯತ್ತ ಹೊರಡುತ್ತವೆ, ಬಾಗಿಲುಗಳು ಅಲ್ಲಿ ಕೂತು ಸಕ್ಕರೆಯನ್ನು ಒಳಗೆ ಬಿಡುತ್ತವೆ.

"ಅಂದ್ರೆ ಆರ್ಡರ್ ಹೋಗದೆ ಅಡುಗೆಮನೆಯಿಂದ ಪ್ಲೇಟ್ ಹೊರಡೂದಿಲ್ಲ. ಇಷ್ಟೇ ಅಲ್ವಾ ಮಾರಾಯ್ತಿ?" ಎಂದರು ಅಪ್ಪ. ಡೊಂಬಿವಲಿಯಲ್ಲಿ ಹೋಟೆಲ್ ನಡೆಸಿಯೇ ತಲೆ ಹಣ್ಣಾದ ಮನುಷ್ಯ. ನನಗೋ ಹೆಮ್ಮೆ. ಚುಚ್ಚಿಕೊಂಡ ಕಾಲು ಗಂಟೆಯೊಳಗೆ ಉಣ್ಣಬೇಕೆಂದು ಮೂರು ಸಲ ಹೇಳಿದೆ.

ಹೋಟೆಲಿನ ಪದ್ಧತಿಯನ್ನು ಮಾತ್ರ ಮರೆತೇಬಿಟ್ಟೆ. ಗಿರಾಕಿ ಕಾಯುತ್ತಿರುವಾಗ ಧಣಿ ತಟ್ಟೆಗೆ ಕೈಹಾಕುವಂತಿಲ್ಲ. ಅಜ್ಜನೂ ಹಾಗೆಯೇ ಇದ್ದರಂತೆ.

ಒಂದು ಶನಿವಾರ ಮಧ್ಯಾಹ್ನ ಒಂದೂವರೆಗೆ ಹೋಟೆಲಿಗೆ ಹೋದೆ. ಫ್ಯಾನಿನ ಕೆಳಗೆ ನಿಂತಿದ್ದರೂ ಅಪ್ಪನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಥಾಲಿ ಕೇಳಿದ ಮರಾಠಿ ಗಿರಾಕಿಯನ್ನು, ಅವನಿಗೆ ತಿಳಿಯದ ತುಳುವಿನಲ್ಲಿ, ಏನೋ ಗದರಿಸುತ್ತಿದ್ದರು. ಹಿಂದಿನ ಶೆಲ್ಫಿನಲ್ಲಿ ಅವರ ಊಟ ಮುಚ್ಚಿಟ್ಟಂತೆಯೇ ಇತ್ತು.

"ಚುಚ್ಚಿಕೊಂಡದ್ದು ಎಷ್ಟು ಹೊತ್ತಿಗೆ ಅಪ್ಪಾ?"

"ಹನ್ನೆರಡೂವರೆಗೆ. ಟೈಮಿಗೆ ಸರಿಯಾಗಿ," ಎಂದರು ತೊದಲುತ್ತ.

ಚುಚ್ಚಿಕೊಂಡು ಆಗಲೇ ಒಂದು ಗಂಟೆಯಾಗಿತ್ತು. ಬಾಗಿಲುಗಳೆಲ್ಲ ತೆರೆದು ರಕ್ತದ ಸಕ್ಕರೆ ಒಳಗೆ ಹೋಗುತ್ತಿದೆ, ಹೊಟ್ಟೆಯಿಂದ ಬರುವುದು ಏನೂ ಇಲ್ಲ, ಮಿದುಳಿಗೆ ಸಾಲುತ್ತಿಲ್ಲ. ಹೋದ ಆರ್ಡರನ್ನು ವಾಪಸು ಕರೆಯಲೂ ಆಗುವುದಿಲ್ಲ. ನೀರಿಗೆ ಸಕ್ಕರೆ ಕಲಸಿ ಕುಡಿಸಿದೆ. ಅರ್ಧ ಅವರ ಅಂಗಿಯ ಮೇಲೇ ಚೆಲ್ಲಿತು. ಆ ಹತ್ತು ನಿಮಿಷ ಅವರ ಕೈ ಹಿಡಿದು, ನನ್ನ ಪಾಠಕ್ಕಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಶಪಿಸಿಕೊಂಡೆ.

ಚೇತರಿಸಿಕೊಂಡ ಅಪ್ಪ ಮೊದಲು ಕೇಳಿದ್ದು, "ಆ ಗಿರಾಕಿಗೆ ಊಟ ಕೊಟ್ರಾ?"

ಅಂದಿನಿಂದ ದಿನಾ ಹನ್ನೆರಡೂ ಮುಕ್ಕಾಲಿಗೆ ಸ್ಟಾಫ್ ರೂಮಿನಿಂದ ಫೋನ್ ಮಾಡುತ್ತಿದ್ದೆ. ಒಂದೇ ರಿಂಗಿಗೆ ಎತ್ತಿ, "ಉಣ್ತಾ ಇದ್ದೇನೆ ಮಗಾ," ಎನ್ನುತ್ತಿದ್ದರು. ನಾನು ನಿಶ್ಚಿಂತೆಯಿಂದ ಡಬ್ಬಿ ಬಿಚ್ಚುತ್ತಿದ್ದೆ.

ಮೊನ್ನೆ ಎತ್ತಲಿಲ್ಲ. ಆರು ಸಲ ಮಾಡಿದೆ. ಕ್ಲಾಸು ಬಿಟ್ಟು ಸ್ಟೇಷನ್ನಿಗೆ ಓಡಿ, ಸಿಕ್ಕಿದ ಲೋಕಲ್ ಹತ್ತಿ, ಹೋಟೆಲಿಗೆ ಏದುಸಿರು ಬಿಡುತ್ತ ನುಗ್ಗಿದೆ. ಅಪ್ಪ ಮೂಲೆಯ ಟೇಬಲಿನಲ್ಲಿ ಕೂತು ಇನ್ನೂ ಆರಾಮವಾಗಿ ಮಜ್ಜಿಗೆ ಅನ್ನ ಮುಗಿಸುತ್ತಿದ್ದರು.

"ಫೋನ್ ಯಾಕೆ ಎತ್ತಲಿಲ್ಲ?" ಎಂದು ಕಿರುಚಿದೆ.

"ಎಂತ ಕೇಳ್ತಿ ನೀನು?" ಅಪ್ಪ ಎಂಜಲು ಕೈ ತೋರಿಸಿದರು. "ಉಣ್ಣುವಾಗ ನಾನು ಯಾವತ್ತಾದ್ರೂ ಫೋನ್ ಮುಟ್ಟಿದ್ದುಂಟಾ?"