ಎದ್ದು ನಿಂತ ಚೂರುಗಳು

ಬಿಶ್ಯಾ ನಮ್ಮ ಕಾರ್ಖಾನೆಗೆ ಬಂದಾಗ ಅವಳಿಗೆ ನಲವತ್ತಾರು. ಇಪ್ಪತ್ತೆರಡು ವರ್ಷ ಛತ್ರಿ ಹೊಲಿದವಳು. ಛತ್ರಿ ಕಾರ್ಖಾನೆ ಮುಚ್ಚಿದ ಮೇಲೆ ಶೂಲಿನ್ ಊರಿನ ನಮ್ಮ ತಗಡಿನ ಶೆಡ್ಡಿಗೆ ಬಂದು, ಸೈಕಲ್ ದೀಪದ ಬೋರ್ಡುಗಳಿಗೆ ಕೈಯಲ್ಲಿ ಬೆಸುಗೆ ಹಾಕಲು ಕೂತಳು. ವರ್ಷ ತುಂಬುವಷ್ಟರಲ್ಲಿ, ನನ್ನನ್ನು ಮೆಷಿನ್ ಲೈನಿಗೆ ಹಾಕಿ ಎಂದು ಯಜಮಾನಿಯ ಬೆನ್ನು ಹತ್ತಿದಳು. ನಾನು ಆ ಲೈನಿನ ಕೊನೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ಬೋರ್ಡು ತಪಾಸಣೆ ಮಾಡುವವಳು. ಈ ವಯಸ್ಸಿನಲ್ಲಿ ಇವಳಿಗೇಕೆ ಈ ಉಸಾಬರಿ ಎಂದು ಮೊದಲು ನಕ್ಕವಳೂ ನಾನೇ.

ಲೈನಿನ ಕೆಲಸ ಹೇಳಲು ಸುಲಭ. ತೂತುಗಳಿರುವ ತೆಳು ತಗಡನ್ನು ಬೋರ್ಡಿನ ಮೇಲಿಟ್ಟು ಬೆಸುಗೆ ಪೇಸ್ಟ್ ಬಳಿಯಬೇಕು. ಮೆಷಿನ್ ಎಳ್ಳಿಗಿಂತ ಚಿಕ್ಕ ಚೂರುಗಳನ್ನು ಅದರ ಮೇಲೆ ಕೂರಿಸುತ್ತದೆ. ಬೆಲ್ಟು ಒಲೆಯೊಳಗೆ ಒಯ್ದಾಗ ಪೇಸ್ಟ್ ಕರಗಿ ಚೂರು ಕಚ್ಚಿಕೊಳ್ಳುತ್ತದೆ. ಲೈನಿಗೆ ಬಂದ ಮೊದಲ ವಾರವೇ ಬಿಶ್ಯಾ ಫ್ರಿಜ್ಜಿನಿಂದ ತೆಗೆದ ಪೇಸ್ಟಿನ ಡಬ್ಬಿಯನ್ನು ತಣ್ಣಗಿರುವಾಗಲೇ ತೆರೆದುಬಿಟ್ಟಳು. ಒಳಗೆ ನೀರು ಬೆವರಿ, ಒಲೆಯಲ್ಲಿ ಪೇಸ್ಟ್ ಸಿಡಿದು, ಬೋರ್ಡಿನ ತುಂಬ ತವರದ ಸಾಸಿವೆ! ಅಂದಿನಿಂದ ಡಬ್ಬಿಯನ್ನು ನಾಲ್ಕು ಗಂಟೆ ಹೊರಗಿಟ್ಟು, ಕೆನ್ನೆಗೆ ಒತ್ತಿ ನೋಡಿ, ಆಮೇಲೆಯೇ ಮುಚ್ಚಳ ಬಿಚ್ಚುತ್ತಿದ್ದಳು. ಒಂದೇ ತಪ್ಪನ್ನು ಅವಳು ಎರಡು ಸಲ ಮಾಡಿದ್ದನ್ನು ನಾನು ಕಂಡಿಲ್ಲ. ನನ್ನ ನಗು ಅಲ್ಲಿಗೆ ನಿಂತಿತು.

ಈ ಬೇಸಿಗೆಯಲ್ಲಿ ಲೈನ್ ಲೀಡರಳ ಜಾಗ ಖಾಲಿಯಾದಾಗ ಯಜಮಾನಿ ಮೂರು ತಿಂಗಳ ಮಟ್ಟಿಗೆ ಬಿಶ್ಯಾಳನ್ನು ಹಾಕಿ ನೋಡಿದಳು. ಸರಿಯಾಗಿ ಆಗಲೇ ಚೂರುಗಳು ಎದ್ದು ನಿಲ್ಲತೊಡಗಿದವು. ಎರಡೂ ತುದಿ ಊರಿ ಮಲಗಬೇಕಾದ ಚೂರು, ಒಲೆಯಿಂದ ಹೊರಬರುವಾಗ ಒಂದೇ ತುದಿಯ ಮೇಲೆ ನಿಂತಿರುತ್ತಿತ್ತು. ಇದಕ್ಕೆ ನಮ್ಮವರು ಇಟ್ಟ ಹೆಸರು ಗೋರಿಕಲ್ಲು. ನಮ್ಮ ಇಂಜಿನಿಯರ್ ಜ್ಯೆನ್ ಒಲೆಯ ಬಿಸಿ ಬದಲಿಸಿದ, ತಗಡು ಬದಲಿಸಿದ, ಮೆಷಿನ್ನಿನಲ್ಲಿ ಚೂರು ಹಿಡಿಯುವ ಮೂತಿ ಬದಲಿಸಿದ. ಕಲ್ಲುಗಳು ಮಾಯವಾದವು. ಎರಡು ವಾರಕ್ಕೆ ಮತ್ತೆ ಬಂದವು. ಒಮ್ಮೆ ಹದಿನಾಲ್ಕು ದಿನಕ್ಕೆ, ಒಮ್ಮೆ ಹದಿನೈದಕ್ಕೆ, ಒಮ್ಮೆ ಇಡೀ ತಿಂಗಳು ಬಿಟ್ಟು.

"ಇದಕ್ಕೆ ತಾಳನೂ ಇಲ್ಲ, ಮೇಳನೂ ಇಲ್ಲ," ಎಂದು ಜ್ಯೆನ್ ತಲೆ ಕೆರೆದುಕೊಂಡ. "ಪೇಸ್ಟ್ ಬಳಿಯೋದ್ರಲ್ಲೇ ಏನೋ ಎಡವಟ್ಟಾಗ್ತಿದೆ."

ಪೇಸ್ಟ್ ಬಳಿಯುವವಳು ಬಿಶ್ಯಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಲ್ಲ ಊರಿನಲ್ಲೂ ಇದೆ.

"ಅಲ್ಲಮ್ಮಾ, ಇನ್ನೊಂದೇ ಒಂದ್ಸಲ ಕಲ್ಲು ಎದ್ರೆ ನೀನು ವಾಪಸ್ ಕೈಬೆಸುಗೆ ಮೇಜಿಗೆ," ಎಂದಳು ಯಜಮಾನಿ ಎಲ್ಲರ ಮುಂದೆ. "ಲೈನು ಬೇರೆಯವ್ರಿಗೆ."

"ನಾನು ಸರಿಯಾಗೇ ಬಳೀತಿದೀನಿ ಅಮ್ಮಾವ್ರೇ."

"ಹೂಂ, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಬಿಶ್ಯಾಳ ಕಿವಿ ಕೆಂಪಾಯಿತು. ನನಗೆ ಯಜಮಾನಿಯ ಬಾಯಿಗೆ ಪೇಸ್ಟ್ ಬಳಿಯಬೇಕೆನ್ನಿಸಿತು.

ಮರುದಿನ ಊಟದ ಹೊತ್ತಿಗೆ ಬಿಶ್ಯಾ ನನ್ನ ಪಕ್ಕ ಕೂತು ಏಪ್ರನ್ ಜೇಬಿನಿಂದ ನಾಲ್ಕು ಕ್ಯಾಲೆಂಡರ್ ಹಾಳೆ ತೆಗೆದಳು. ಗೋಡೆಯ ಮೇಲೆ ದಿನಕ್ಕೊಂದರಂತೆ ಹರಿಯುವ ಹಾಳೆ. ಹರಿದದ್ದನ್ನು ನಾವು ಊಟದಲ್ಲಿ ಮೂಳೆ ಉಗಿಯಲು ಇಟ್ಟುಕೊಳ್ಳುತ್ತೇವೆ. ಇವಳು ಮಾತ್ರ ಕಲ್ಲು ಎದ್ದ ದಿನದ ಹಾಳೆಯ ಬೆನ್ನಿನ ಮೇಲೆ ಎಷ್ಟು, ಎಲ್ಲಿ ಎಂದು ಬರೆದಿಟ್ಟಿದ್ದಳು.

"ನೋಡಕ್ಕಾ, ಯಾವಾಗ್ಲೂ ಬೋರ್ಡಿನ ಬಾಗಿಲ ಕಡೆ ಸಾಲೇ."

ನಾನು ಹಾಳೆ ಮಗುಚಿದೆ. ದೊಡ್ಡ ಅಂಕಿಗಳಲ್ಲಿ ಯಾವ ಹೊಂದಿಕೆಯೂ ಇರಲಿಲ್ಲ. ಅವುಗಳ ಕೆಳಗೆ ಚಾಂದ್ರಮಾನದ ತಾರೀಖು ಸಣ್ಣದಾಗಿ ಅಚ್ಚಾಗಿತ್ತು: ಎರಡು, ಹದಿನಾರು, ಎರಡು, ಎರಡು.

"ನಡುವೆ ಒಂದು ಹದಿನಾರು ಎಲ್ಲಿ ಹೋಯ್ತು?" ಎಂದೆ.

"ಅವತ್ತು ಚಂಡಮಾರುತ ಕಣಕ್ಕಾ, ರಜ!"

ಇಬ್ಬರೂ ಚಾಪ್‌ಸ್ಟಿಕ್ ಕೆಳಗಿಟ್ಟೆವು. ಎರಡು, ಹದಿನಾರು ಅಂದರೆ ಕಾರ್ಖಾನೆಯ ಪೂಜೆ. ಮಧ್ಯಾಹ್ನ ಮೂರಕ್ಕೆ ಯಜಮಾನಿ ಶಟರ್ ಎತ್ತಿ, ಬಾಗಿಲಲ್ಲಿ ಮೇಜಿಟ್ಟು, ಭೂಮಿದೇವರಿಗೆ ಹಣ್ಣು ಬಿಸ್ಕತ್ತು ಜೋಡಿಸುತ್ತಾಳೆ. ನಾವೆಲ್ಲ ಬೆಲ್ಟು ನಿಲ್ಲಿಸಿ, ಊದುಬತ್ತಿ ಹಿಡಿದು ಸಾಲಾಗಿ ನಿಲ್ಲುತ್ತೇವೆ. ಹೊರಗೆ ದೇವರಿಗೆಂದು ಕಾಗದದ ನೋಟು ಸುಡುವ ಹೊಗೆ ಒಳಗೆ ನುಗ್ಗದಿರಲಿ ಎಂದು ಈ ಬೇಸಿಗೆಯಲ್ಲೇ ಯಜಮಾನಿ ಬಾಗಿಲ ಮೂಲೆಗೆ ದೊಡ್ಡ ಫ್ಯಾನು ತಂದಿದ್ದಳು. ಅದರ ಗಾಳಿ ಬೆಲ್ಟನ್ನು ಸವರಿಕೊಂಡೇ ಹೋಗುತ್ತಿತ್ತು. ಪೇಸ್ಟ್ ಬಳಿದ ಬೋರ್ಡುಗಳು ಆ ಅರ್ಧ ಗಂಟೆ ಗಾಳಿಗೆ ಒಣಗುತ್ತ ಕಾಯುತ್ತಿದ್ದವು. ಒಣಗಿದ ತುದಿ ಸರಿಯಾಗಿ ಹಿಡಿಯದೆ, ಇನ್ನೊಂದು ತುದಿ ಎಳೆದರೆ ಚೂರು ಎದ್ದು ನಿಲ್ಲದೆ ಇನ್ನೇನಾಗುತ್ತದೆ?

ಇದನ್ನು ಯಜಮಾನಿಗೆ ಹೇಳುವವರು ಯಾರು? ಜ್ಯೆನ್ ಕೇಳಿ, "ನಿಜ ಇರ್ಬೋದು, ಆದ್ರೆ ನನ್ನ ಹೆಸರು ಎತ್ಬೇಡಿ," ಎಂದ. ಬಿಶ್ಯಾ ನೇರ ಯಜಮಾನಿಯ ಮುಂದೆ ಹೋಗಿ ನಾಲ್ಕು ಹಾಳೆ ಹರಡಿದಳು.

"ನನ್ನ ಪೂಜೆ ಮೇಲೆ ಗೂಬೆ ಕೂರಿಸ್ತೀಯಾ?" ಯಜಮಾನಿಯ ದನಿ ಶೆಡ್ಡಿನ ಆಚೆಗೂ ಕೇಳಿಸಿತು.

"ದೇವ್ರದ್ದೇನೂ ತಪ್ಪಿಲ್ಲ ಅಮ್ಮಾವ್ರೇ, ಫ್ಯಾನಿಂದು. ಈ ಹದಿನಾರಕ್ಕೆ ಹತ್ತೇ ಬೋರ್ಡು ಕೊಡಿ. ನನ್ನ ಮಾತು ಸುಳ್ಳಾದ್ರೆ ನಾನೇ ಎದ್ದು ಕೈಬೆಸುಗೆಗೆ ಹೋಗ್ತೀನಿ."

ಹದಿನಾರು ಬಂತು. ಊದುಬತ್ತಿ ಹಚ್ಚುವ ಮೊದಲು ಬಿಶ್ಯಾ ಹತ್ತು ಬೋರ್ಡಿಗೆ ಒಂದೇ ಡಬ್ಬಿಯ ಪೇಸ್ಟ್ ಬಳಿದಳು. ಐದನ್ನು ಬೆಲ್ಟಿನ ಮೇಲೆ ಬಿಟ್ಟಳು, ಐದರ ಮೇಲೆ ಪ್ಲಾಸ್ಟಿಕ್ ಡಬ್ಬ ಕವುಚಿದಳು. ಪೂಜೆ ಮುಗಿದ ಮೇಲೆ ಹತ್ತೂ ಸಾಲಾಗಿ ಮೆಷಿನ್ ದಾಟಿ ಒಲೆಗೆ ಹೋದವು. ಅವು ಹೊರಬರುವ ತನಕ ಅವಳು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

ಗಾಳಿಗಿಟ್ಟ ಐದರಲ್ಲಿ ಹನ್ನೊಂದು ಕಲ್ಲು ಎಣಿಸಿದೆ. ಮುಚ್ಚಿಟ್ಟ ಐದನ್ನು ಎರಡೆರಡು ಸಲ ನೋಡಿದೆ.

"ಒಂದೂ ಇಲ್ಲ!" ಎಂದು ಕಿರುಚಿದೆ. "ಒಂದೇ ಒಂದೂ ಇಲ್ಲ ಕಣೇ!"

ಯಜಮಾನಿ ನನ್ನನ್ನು ಎಬ್ಬಿಸಿ ತಾನೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಹತ್ತನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ ಫ್ಯಾನಿನ ಸ್ವಿಚ್ ಆರಿಸಿ, ಪೂಜೆಯ ಮೇಜಿನಿಂದ ದೊಡ್ಡ ಅನಾನಸು ತಂದು ಬಿಶ್ಯಾಳ ಕೈಗಿಟ್ಟಳು.

"ನೆಲ ಡೊಂಕೇ ಇತ್ತು ಕಣಮ್ಮಾ," ಎಂದಳು. ಬಿಶ್ಯಾ ಅನಾನಸಿನ ಮುಳ್ಳು ಚುಚ್ಚುವಂತೆ ಅದನ್ನು ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮುಂದಿನ ತಿಂಗಳ ಎರಡನೇ ದಿನ. ಮೇಜು ಸಿದ್ಧ, ಹಣ್ಣು ಸಿದ್ಧ, ನಾವು ಸಾಲಾಗಿ ನಿಂತಿದ್ದೇವೆ. ಯಜಮಾನಿ ಬೆಂಕಿಪೊಟ್ಟಣ ಹಿಡಿದು ಒಳಗೆ ಇಣುಕಿದಳು.

"ಲೀಡರಮ್ಮಾ, ದೇವರನ್ನ ಕರೀಲಾ?"

ತೋಳಿಗೆ ಹೊಸ ಪಟ್ಟಿ ಕಟ್ಟಿದ್ದ ಬಿಶ್ಯಾ ಬೆಲ್ಟಿನಿಂದ ಕಣ್ಣು ತೆಗೆಯಲಿಲ್ಲ.

"ತಡೀರಿ ಅಮ್ಮಾವ್ರೇ. ಇನ್ನೂ ನಾಲ್ಕು ಬೋರ್ಡು ಒಲೆಗೆ ಹೋಗ್ಬೇಕು."

ಯಜಮಾನಿ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ನಮ್ಮ ಸಾಲಿನ ಕೊನೆಯಲ್ಲಿ ಬಂದು ನಿಂತಳು.