ಬಜಾರಿನ ಚಿತ್ರದಲ್ಲಿ ಅಮ್ಮಿ

ನಮ್ಮ ಅಬ್ಬಾ ದಾವಣಗೆರೆಯ ಟಾಕೀಸುಗಳಿಗೆ ಬೋರ್ಡು ಬರೆಯುತ್ತಿದ್ದರು. ಆಳೆತ್ತರದ ಬಟ್ಟೆಯ ಮೇಲೆ ನಾಯಕಿಯರ ಮುಖ, ಗಲ್ಲಕ್ಕೆ ಗುಲಾಬಿ ಬಣ್ಣ, ಕಣ್ಣಿಗೆ ಕಾಡಿಗೆ. ಊರಿಗೆಲ್ಲ ಮುಖ ಬರೆದುಕೊಟ್ಟ ಮನುಷ್ಯ, ನನ್ನ ತಾಯಿಯದೊಂದು ಮುಖವನ್ನು ಮನೆಯಲ್ಲಿ ಉಳಿಸಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅಮ್ಮಿ ಹೋದಾಗ ನಾನಿನ್ನೂ ನೆಟ್ಟಗೆ ಮಾತು ಕಲಿತಿರಲಿಲ್ಲ. ಬಾಣಂತಿ ಜ್ವರ; ಕೂಸೂ ಹೋಯಿತು, ಅವಳೂ ಹೋದಳು. ಫೋಟೋ ಒಂದೂ ಇಲ್ಲ. ದಾದಿ, ಅಂದರೆ ಅಬ್ಬಾರ ತಾಯಿ, ತೆಗೆಸಲು ಬಿಟ್ಟಿರಲಿಲ್ಲ. "ಗುರ್ತಿಲ್ದ ಗಂಡ್ಸು ಕರೀ ಬಟ್ಟೆ ಹೊದ್ಕೊಂಡು ಮನಿ ಸೊಸಿ ಮುಖ ನೋಡೋದಾ? ತೌಬಾ ತೌಬಾ!" ಎಂದು ಫೋಟೋದವನನ್ನು ಬಾಗಿಲಿಂದಲೇ ಅಟ್ಟಿದ್ದಳಂತೆ.

ಉಳಿದದ್ದು ಅಬ್ಬಾ ತಮ್ಮ ಖುಷಿಗೆ ನೀರುಬಣ್ಣದಲ್ಲಿ ಬರೆದ ಬಜಾರಿನ ಚಿತ್ರವೊಂದೇ. ಗೋಡೆ ಕ್ಯಾಲೆಂಡರಿಗಿಂತ ದೊಡ್ಡ ಕಾಗದ. ಅದರಲ್ಲಿ ಏನಿಲ್ಲ! ಹತ್ತಿ ಅಂಡಿಗೆ ಹೇರಿದ ಚಕ್ಕಡಿ, ಮುಂದಕ್ಕೆ ಹೋಗಲೊಲ್ಲದ ಟಾಂಗಾ ಕುದುರೆ, ಮಂಡಕ್ಕಿ ಚೀಲ ಹೊತ್ತವರು, ಪಾಳಿ ಮುಗಿಸಿ ಬರುವ ಮಿಲ್ಲಿನ ಮಂದಿ, ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತ ಜವಳಿ ಸಾಹುಕಾರ, ಅವನ ಅಂಗಡಿ ಮುಂದೆ ಮಲಗಿದ ನಾಯಿ. ಎಲ್ಲರಿಗೂ ಮುಖವಿದೆ. ನಾಯಿಗೂ ಇದೆ. ಎಲ್ಲರಿಗಿಂತ ಮುಂದೆ, ಗೇಣುದ್ದ, ಕೈಚೀಲ ಹಿಡಿದು ಬರುತ್ತಿರುವ ಕಪ್ಪು ಬುರ್ಖಾದ ಹೆಂಗಸೇ ನಮ್ಮ ಅಮ್ಮಿ. ಬೀದಿಗೆ ಇಳಿದಾಗ ಹೇಗಿರುತ್ತಿದ್ದಳೋ ಹಾಗೆಯೇ ಬರೆದಿದ್ದರು, ಮುಖದ ಮೇಲಿನ ಪರದೆಯ ಸಮೇತ.

ಹರಿಹರದಿಂದ ನನಗೊಂದು ಸಂಬಂಧ ಬಂತು. ಹೆಣ್ಣು ನೋಡಲು ಬಂದವರಲ್ಲಿ ಒಬ್ಬಾಕೆ ನನ್ನ ಗದ್ದ ಹಿಡಿದೆತ್ತಿ, "ತಾಯಿ ಹೋಲಿಕೀನೇನ್ರಿ?" ಎಂದು ಕೇಳಿದಳು. ದಾದಿ ಗೋಡೆ ನೋಡಿದಳು, ಅಬ್ಬಾ ನೆಲ ನೋಡಿದರು. ನನಗೋ ಮೈಯೆಲ್ಲ ಉರಿದುಹೋಯಿತು. ನಾನು ಯಾರ ಹಾಗಿದ್ದೇನೆಂದು ಹೇಳುವುದಕ್ಕೂ ಈ ಮನೆಯಲ್ಲಿ ಯಾರಿಗೂ ಬಾಯಿಲ್ಲವೇ?

ಹರಿಹರದವರು ಒಪ್ಪಿಗೆ ಹೇಳಿ ಅತ್ತ ಹೋದದ್ದೇ ತಡ, ನಾನು ಚಿತ್ರದ ಮುಂದೆ ನಿಂತೆ. "ಮದ್ವಿಗೆ ನಂಗೆ ಸೀರೆ ಬ್ಯಾಡ, ಬಳೆ ಬ್ಯಾಡ. ಆ ಪರದೆ ತೆಗ್ದು ಅಮ್ಮಿ ಮುಖ ಬರ್ದುಕೊಡ್ರಿ. ಅದನ್ನ ತಗೊಂಡೇ ನಾನು ಹರಿಹರಕ್ಕೆ ಹೋಗೋದು."

"ಫೋಟೋ ಇಲ್ದೆ ಹೆಂಗೆ ಬರೀಲಿ ಬೇಟಿ?" ಅಂದರು ಅಬ್ಬಾ.

ಅವರ ಕೆಲಸವೇ ಹಾಗಿತ್ತು. ಸಿನಿಮಾದವರು ಕಳಿಸಿದ ಅಂಗೈಯಗಲದ ಫೋಟೋದ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಎಳೆಯಬೇಕು. ಬಟ್ಟೆಯ ಮೇಲೂ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ಒಂದೊಂದನ್ನೇ ನೋಡಿಕೊಂಡು ತುಂಬಬೇಕು. ಬಜಾರನ್ನೂ ಅಂಗಡಿ ಕಟ್ಟೆಯ ಮೇಲೆ ಕೂತು ನೋಡಿಯೇ ಬರೆದಿದ್ದರು. ಅದು ನೋಡಿ ಬರೆಯುವ ಕೈ.

"ಯಾಕ, ಹೆಂಡ್ತಿ ಮುಖ ನೆನಪಿಲ್ವಾ ನಿಮ್ಗೆ?" ಅಂದುಬಿಟ್ಟೆ.

ಅಬ್ಬಾ ಚಿತ್ರವನ್ನು ಗೋಡೆಯಿಂದ ಇಳಿಸಿದರು. ದಾದಿ ಈಗ ರಂಪ ಮಾಡುತ್ತಾಳೆ ಅಂದುಕೊಂಡೆ. ಅವಳು ಬಂದು ಮಗನ ಪಕ್ಕ ಕೂತಳು. "ಬರಿ ಬೇಟಾ," ಅಂದಳು. "ನಂಗೂ ಮರ್ತು ಹೊಂಟೈತೆ."

ಅಬ್ಬಾ ಕುಂಚವನ್ನು ಬರೀ ನೀರಿನಲ್ಲಿ ಅದ್ದಿ ಪರದೆಯ ಜಾಗವನ್ನು ನೆನೆಸಿದರು, ಚಿಂದಿಯಿಂದ ಒತ್ತಿದರು, ಮತ್ತೆ ನೆನೆಸಿದರು. ಕಪ್ಪು ಬಿಡುತ್ತಾ ಬಿಡುತ್ತಾ ಕಾಗದ ಬೂದಿ ಬಣ್ಣಕ್ಕೆ ಬಂತು. ಅದು ಒಣಗುವ ತನಕ ಮೂವರೂ ಕಾದೆವು. ಆಮೇಲೆ ಸಣ್ಣ ಕುಂಚ ಹಿಡಿದರು. ಕೈ ಸಲೀಸಾಗಿ ಓಡಿತು. ಕಣ್ಣು ಬಂತು, ಮೂಗು ಬಂತು, ತುಟಿ ಬಂತು. ಬೆಳ್ಳಿ ರೂಪಾಯಿಯಷ್ಟಗಲದ ಮುಖ. ಯಾ ಅಲ್ಲಾ, ಎಷ್ಟು ಚೆಂದ! ನನ್ನ ಅಮ್ಮಿ ಇಷ್ಟು ಚೆಂದ ಇದ್ದಳಾ ಎಂದು ನನಗೆ ಅಳು ಒತ್ತರಿಸಿ ಬಂತು.

ದಾದಿ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ಇದು ಅವ್ಳಲ್ಲ ಬೇಟಾ," ಅಂದಳು ಮೆಲ್ಲಗೆ.

ಆಗ ನನಗೂ ಗುರುತು ಹತ್ತಿತು. ಆ ತಿದ್ದಿದ ಹುಬ್ಬು, ಹಣೆಗೆ ಇಳಿದ ಗುಂಗುರು ಕೂದಲು, ಆ ಅರೆನಗು. ಆ ವಾರ ಟಾಕೀಸಿನ ಮುಂದಿನ ಬೋರ್ಡಿನಲ್ಲಿ ನಿಂತಿದ್ದ ನಾಯಕಿ ಅವಳು. ವರ್ಷಗಟ್ಟಲೆ ಬರೆದೂ ಬರೆದೂ ಅಬ್ಬಾರ ಕೈಗೆ ಆ ನಾಯಕಿಯರ ಮುಖಗಳೇ ಅಂಟಿಕೊಂಡಿದ್ದವು.

ಅಬ್ಬಾ ಕುಂಚ ಕೆಳಗಿಟ್ಟರು. "ಎಷ್ಟು ನೆನಸ್ಕೊಂಡ್ರೂ ಇವ್ರೇ ಬರ್ತಾರೆ. ಅವ್ಳು ಬರೋದೇ ಇಲ್ಲ," ಎಂದು ಸಣ್ಣ ಮಕ್ಕಳ ಹಾಗೆ ಅತ್ತರು. ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಹೋಯಿತು. ದಾದಿ ಮಗನ ಬೆನ್ನು ಸವರುತ್ತಾ, "ಹೊದ್ಸಿಬಿಡಪ್ಪಾ, ಸಾಕು," ಅಂದಳು. ಅಬ್ಬಾ ಕಪ್ಪು ಕಲಸಿ ಆ ಮುಖದ ಮೇಲೆ ಎಳೆದರು.

ಚಿತ್ರ ನನ್ನ ಜೊತೆ ಹರಿಹರಕ್ಕೆ ಬಂತು. ಅಲ್ಲಿ ಯಾರು ಕೇಳಿದರೂ, ಇಗೋ ಇವಳೇ ನನ್ನ ಅಮ್ಮಿ ಎಂದು ಬುರ್ಖಾ ತೋರಿಸುತ್ತಿದ್ದೆ. ನನಗೆ ಮಾತ್ರ ಅವತ್ತಿನಿಂದ ನೆಮ್ಮದಿಯಿಲ್ಲ. ಮೊದಲೆಲ್ಲ ಅಮ್ಮಿಗೆ ದುವಾ ಮಾಡಲು ಕೈ ಎತ್ತಿದರೆ ಕಣ್ಣೆದುರು ಏನೂ ಇರುತ್ತಿರಲಿಲ್ಲ. ಈಗ ಆ ಸಿನಿಮಾದವಳೇ ಬಂದು ನಿಲ್ಲುತ್ತಾಳೆ. ಹೋಗೇ ಅತ್ಲಾಗೆ ಎಂದು ಬಯ್ಯುತ್ತೇನೆ. ಹೋಗುವುದಿಲ್ಲ. ಕೊನೆಗೆ ಅವಳನ್ನೇ ನೋಡಿಕೊಂಡು, ಅಮ್ಮಿಯ ಹೆಸರು ಹೇಳಿ, ದುವಾ ಮುಗಿಸಿ ಏಳುತ್ತೇನೆ.